ಎಡಗಾಲಿನ ಬಿಳಿ ಗುಂಡು

ಆ ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಇಸ್ತ್ರಿ. ಬಟ್ಟೆಗೂ ಅವಳಿಗೂ ಸಂಬಂಧವಿರಲಿಲ್ಲ. ಅವಳು ಹಾಕಿಕೊಂಡು ಬರುತ್ತಿದ್ದ ಅಂಗಿಗಳನ್ನು ನೋಡಿದವರು ಆ ಹೆಸರನ್ನು ಗೇಲಿಗೆಂದೇ ಇಟ್ಟಿದ್ದಾರೆ ಅಂದುಕೊಳ್ಳಬೇಕು. ಅವಳು ಇಸ್ತ್ರಿ ಮಾಡುತ್ತಿದ್ದುದು ಮನುಷ್ಯರ ಓಡಾಟವನ್ನು.

ಕಂಪನಿ ಬ್ಯಾಡ್ಮಿಂಟನ್‌ನ ವಿಡಿಯೋ ಗೇಮ್ ತಯಾರಿಸುತ್ತಿತ್ತು. ಗೇಮಿನೊಳಗಿನ ಆಟಗಾರರು ಮನುಷ್ಯರ ಹಾಗೆ ಓಡಾಡಬೇಕೆಂದರೆ ಮೊದಲು ಮನುಷ್ಯರೊಬ್ಬರು ಓಡಾಡಿ ತೋರಿಸಬೇಕಲ್ಲ. ಅದಕ್ಕಾಗಿ ಹಳೆಯ ಗೋದಾಮೊಂದರಲ್ಲಿ ನೆಟ್ ಕಟ್ಟಿ, ಸುತ್ತ ಇಪ್ಪತ್ತನಾಲ್ಕು ಕ್ಯಾಮೆರಾ ನಿಲ್ಲಿಸಿದ್ದರು. ಆಡುವವರಿಗೆ ಮೈಗಂಟುವ ಕಪ್ಪು ಉಡುಪು, ಕೀಲುಕೀಲಿಗೂ ಗೋಲಿ ಗಾತ್ರದ ಒಂದೊಂದು ಬಿಳಿ ಗುಂಡು. ಆ ಕ್ಯಾಮೆರಾಗಳಿಗೆ ಮುಖ ಕಾಣಿಸದು, ಬೆವರು ಕಾಣಿಸದು, ಗುಂಡುಗಳಷ್ಟೇ ಕಾಣಿಸುತ್ತವೆ. ಕಂಪ್ಯೂಟರಿನಲ್ಲಿ ಐವತ್ತು ಚುಕ್ಕೆಗಳು ಕುಣಿಯುತ್ತವೆ, ಆ ಚುಕ್ಕೆಗಳಿಗೆ ಆಮೇಲೆ ಮೈಕೈ ತೊಡಿಸುತ್ತಾರೆ.

ಚುಕ್ಕೆಗಳು ಸುಮ್ಮನೆ ಕುಣಿಯುವುದಿಲ್ಲ, ತಂಟೆ ಮಾಡುತ್ತವೆ. ಗುಂಡು ಸಡಿಲವಾದರೆ ಚುಕ್ಕೆ ನಡುಗುತ್ತದೆ, ತೋಳು ಅಡ್ಡ ಬಂದರೆ ಮಾಯವಾಗುತ್ತದೆ, ಒಮ್ಮೊಮ್ಮೆ ಮೊಣಕಾಲಿನ ಚುಕ್ಕೆ ಹೋಗಿ ಮೊಣಕೈ ಮೇಲೆ ಕೂತುಬಿಡುತ್ತದೆ. ಇವನ್ನೆಲ್ಲ ಹುಡುಕಿ ತೀಡಿ ನಯ ಮಾಡುವುದೇ ಇಸ್ತ್ರಿಯ ಕೆಲಸ. ಅದಕ್ಕಾಗಿ ಅವಳೇ ಒಂದು ಪ್ರೋಗ್ರಾಂ ಬರೆದುಕೊಂಡಿದ್ದಳು. ಎಡಗಾಲಿನ ಚುಕ್ಕೆ ದಾರಿ ತಪ್ಪಿದರೆ ಆ ಪ್ರೋಗ್ರಾಂ ಬಲಗಾಲನ್ನು ನೋಡಿಕೊಂಡು ಎಡಗಾಲನ್ನು ತಿದ್ದುತ್ತಿತ್ತು. ಬಲ ತಪ್ಪಿದರೆ ಎಡ ನೋಡಿ. ಎರಡು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಅದರ ಬಗ್ಗೆ ಅವಳಿಗೆ ಹೇಳಿಕೊಳ್ಳಲಾರದಷ್ಟು ಹೆಮ್ಮೆ. ಆದರೂ ಹೇಳಿಕೊಳ್ಳುತ್ತಿದ್ದಳು, ಸಿಕ್ಕಸಿಕ್ಕವರ ಹತ್ತಿರ.

ಗೇಮಿನ ಮುಖ್ಯಸ್ಥನಿಗೂ ಅಡ್ಡಹೆಸರಿತ್ತು, ಮಜಾ ಸಾರ್. ಏನೇ ತೋರಿಸಿದರೂ ಆತ ಕೇಳುತ್ತಿದ್ದುದು ಒಂದೇ: "ಎಲ್ಲ ಸರಿ, ಮಜಾ ಎಲ್ಲಿದೆ?" ಉದ್ದದ ಆಟದ ನಂತರ ಆಟಗಾರರು ಏದುಸಿರು ಬಿಡಬೇಕು ಅಂತ ಇಸ್ತ್ರಿ ಹಟ ಹಿಡಿದಿದ್ದಳು, ಗೆದ್ದಳು. ಶಟಲ್‌ನ ಒಂದು ಗರಿ ಮುರಿದರೆ ಅದು ಓಲಾಡುತ್ತಾ ಹಾರಬೇಕು ಅಂದಳು, ಅರ್ಧ ಗೆದ್ದಳು. ಜಾರಿ ಬಿದ್ದವರ ಮಂಡಿ ಉಳುಕಬೇಕು ಅಂದಾಗ ಮಾತ್ರ ಮಜಾ ಸಾರ್ ಕೈಮುಗಿದುಬಿಟ್ಟಿದ್ದ.

"ಅಮ್ಮಾ ತಾಯಿ, ದಿನವೆಲ್ಲ ದುಡಿದು ಸಾಕಾಗಿ ಬಂದು ಕೂತಿರ್ತಾನೆ ಗೇಮ್ ಆಡೋನು. ಅವನ ಮಂಡಿ ಆಗಲೇ ನೋಯ್ತಿರತ್ತೆ. ಗೇಮಲ್ಲೂ ಮಂಡಿನೋವು ಕೊಡ್ತೀಯಾ?"

"ನಿಜ ಇಲ್ದಿದ್ರೆ ಅದು ಆಟ ಹೇಗಾಗತ್ತೆ ಸಾರ್?"

"ನಿಜ ಬೇಕಾದವನು ಹೊರಗೆ ಹೋಗಿ ಆಡ್ಕೋತಾನೆ. ನಮ್ಮ ಹತ್ರ ಯಾಕೆ ಬರ್ತಾನೆ?"

ಈ ಜಗಳ ವರ್ಷದಿಂದ ನಡೆದಿತ್ತು. ನಿಜದ ಪಕ್ಷಕ್ಕೆ ಇಸ್ತ್ರಿ ಒಬ್ಬಳೇ ವಕೀಲೆ. ಬೇರೆಯವರ ಓಡಾಟವನ್ನೆಲ್ಲ ತೀಡಿ ತೀಡಿ ಚಂದ ಮಾಡುವವಳೇ ನಿಜಕ್ಕಾಗಿ ಜಗಳ ಕಾಯುತ್ತಿದ್ದಾಳಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಅವಳಿಗಂತೂ ಖಂಡಿತ ಹೊಳೆಯಲಿಲ್ಲ.

ಗೇಮಿನ ಮುಖ್ಯ ಆಟಗಾರ್ತಿಗೆ ಮೈ ಕೊಟ್ಟವಳು ಇಸ್ತ್ರಿಯ ಅಕ್ಕ. ಒಂದು ಕಾಲದಲ್ಲಿ ದೊಡ್ಡ ಪಂದ್ಯಗಳನ್ನು ಆಡಿದವಳು, ಈಗ ನಲವತ್ತೊಂದು ವರ್ಷ, ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಕೋಚ್. ಚಿಕ್ಕಂದಿನಲ್ಲಿ ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಭ್ಯಾಸಕ್ಕೆ ಹೋಗುತ್ತಿದ್ದಳು. ತಂಗಿ ಅಂಗಳದ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅಕ್ಕನ ಕಾಲುಗಳನ್ನೇ ನೋಡುತ್ತಿದ್ದಳು. ಕಾಲು ನೋಡುವ ಆ ಚಟವೇ ಮುಂದೆ ಅವಳ ಕಸುಬಾಯಿತು ಎನ್ನಬೇಕು. ಮನೆಯಲ್ಲಿ ಅವಳು ಇಸ್ತ್ರಿಯಲ್ಲ, ಮೂವತ್ತನಾಲ್ಕು ದಾಟಿದರೂ ಪುಟ್ಟಿ.

ಎಂಟು ತಿಂಗಳ ಕಾಲ, ತಿಂಗಳಿಗೊಂದು ಭಾನುವಾರ ಅಕ್ಕ ಗೋದಾಮಿಗೆ ಬಂದು ಕಪ್ಪು ಉಡುಪು ತೊಟ್ಟು ಆಡಿದಳು. ಎಲ್ಲ ಸಲೀಸಾಗಿ ನಡೆದಿತ್ತು. ಒಂದೇ ರಗಳೆ: ಎಡಗಾಲಿನ ಶೂ ಮೂತಿಗೆ ಅಂಟಿಸಿದ ಗುಂಡು ಮಾತ್ರ ಪದೇಪದೇ ಉದುರಿ ಬೀಳುತ್ತಿತ್ತು.

"ನೋಡೇ, ಮತ್ತೆ ಉದುರ್ತು," ಎಂದು ಅಕ್ಕ ಒಂಟಿಕಾಲಲ್ಲಿ ನಿಂತು ಕಾಲೆತ್ತಿ ತೋರಿಸಿದ್ದಳು, ಐದನೆಯದೋ ಆರನೆಯದೋ ತಿಂಗಳಲ್ಲಿ.

"ನಿನ್ನ ಕಾಲಲ್ಲೇ ಏನೋ ಇದೆ ಅಕ್ಕ. ಬೇರೆ ಯಾರಿಗೂ ಹೀಗೆ ಉದುರಲ್ಲ."

"ಕಾಲಲ್ಲಿ ಏನೇ ಇರತ್ತೆ? ನಿಮ್ಮ ಗೋಂದು ಸರಿಯಿಲ್ಲ."

"ಬಲಗಾಲಿಗೂ ಅದೇ ಗೋಂದು ಕಣೇ."

ಇಬ್ಬರೂ ನಕ್ಕಿದ್ದರು. ಇಸ್ತ್ರಿ ಗುಂಡಿನ ಮೇಲೆ ಅಡ್ಡಡ್ಡ ಟೇಪು ಸುತ್ತಿದಳು. ಗೋಂದು ಕಳಿಸುವ ಅಂಗಡಿಗೆ ಮೂರು ಸಲ ಪತ್ರ ಬರೆದು ಜಾಡಿಸಿದಳು. ಮೂರನೆಯ ಪತ್ರಕ್ಕೆ ಆ ಪಾಪದ ಅಂಗಡಿಯವರು ಕ್ಷಮೆ ಕೇಳಿ ಎರಡು ಡಬ್ಬಿ ಪುಕ್ಕಟೆ ಕಳಿಸಿದರು. ಶೂ ಮೂತಿ ಸವೆದು ಒಳಗಿನ ಬಟ್ಟೆ ಇಣುಕುತ್ತಿದ್ದುದನ್ನು ಟೇಪು ಸುತ್ತುವಾಗ ಅವಳು ಕಣ್ಣಾರೆ ಕಂಡಿದ್ದಳು. ಎಡಗಾಲಿನದು ಮಾತ್ರ. ಕಂಡು, ಅಕ್ಕನಿಗೆ ಹುಟ್ಟುಹಬ್ಬಕ್ಕೆ ಹೊಸ ಶೂ ಕೊಡಿಸಬೇಕು ಅಂದುಕೊಂಡಿದ್ದಳು.

ಪ್ರತಿ ತಿಂಗಳ ಕೆಲಸ ಮುಗಿದ ಮೇಲೆ ಚುಕ್ಕೆಗಳಿಗೆ ಮೈ ತೊಡಿಸಿದ ಒಂದು ತುಣುಕು ವಿಡಿಯೋವನ್ನು ಅಕ್ಕನಿಗೆ ಕಳಿಸುವುದು ರೂಢಿ. "ನೋಡ್ಕೋ ನಿನ್ನ ಕುಣಿತ," ಎಂದು ಬರೆಯುತ್ತಿದ್ದಳು. ಅಕ್ಕ ಒಂದು ಅಕ್ಷರ ವಾಪಸು ಬರೆಯುತ್ತಿರಲಿಲ್ಲ. ಆದರೆ ಅದನ್ನು ಹತ್ತಾರು ಸಲ ನೋಡುತ್ತಾಳೆ ಎಂದು ಭಾವ ಹೇಳಿದ್ದ. "ಅಡುಗೆಮನೇಲಿ ನಿಂತ್ಕೊಂಡು ನೋಡ್ತಾಳಮ್ಮ. ತನ್ನ ಮೇಲೆ ತನಗೇ ದೃಷ್ಟಿಯಾಗತ್ತೆ ಒಂದಿನ." ಇಸ್ತ್ರಿಗೆ ಇದನ್ನು ಕೇಳಿ ಎರಡು ದಿನ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಗೇಮ್ ಮುಗಿಯುತ್ತಾ ಬಂದಾಗ ಹೊಸ ತಾಪತ್ರಯ ಶುರುವಾಯಿತು. ಬಿಡುಗಡೆಗೆ ಮುಂಚೆ ಆಡಿ ನೋಡಲೆಂದೇ ಆರು ಜನರನ್ನು ಇಟ್ಟುಕೊಂಡಿದ್ದರು. ಆರೂ ಜನ ಒಂದೇ ರಾಗ ಎಳೆದರು: ಆ ಮುಖ್ಯ ಆಟಗಾರ್ತಿಯನ್ನು ಸೋಲಿಸಲು ಯಾರಿಂದಲೂ ಆಗುತ್ತಿಲ್ಲ. ಎಲ್ಲಿಗೆ ಹೊಡೆದರೂ ಅಲ್ಲಿರುತ್ತಾಳೆ. ತಪ್ಪೇ ಮಾಡುವುದಿಲ್ಲ.

ಮಜಾ ಸಾರ್ ಇಸ್ತ್ರಿಯ ಮೇಜಿನ ಮೇಲೆ ಕೂತ. "ನಿಮ್ಮಕ್ಕನಿಗೆ ಒಂದು ಕೊರತೆ ಕೊಡು."

"ಇಲ್ಲದ ಕೊರತೆ ಎಲ್ಲಿಂದ ತರ್ಲಿ ಸಾರ್?"

"ಯಾವುದಾದ್ರೂ ಕೊಡು. ಬಲಗೈ ನಿಧಾನ ಮಾಡು, ಕಣ್ಣು ಮಂಜು ಮಾಡು. ಗೆಲ್ಲೋಕೆ ಒಂದು ಕಿಂಡಿ ಬೇಕು ಜನಕ್ಕೆ. ಅದು ಸಿಕ್ಕಿದಾಗ ಆಗೋದೇ ಮಜಾ."

ಇಸ್ತ್ರಿಗೆ ಮೈ ಉರಿಯಿತು. ಅಕ್ಕನ ಮೈಗೆ ಸುಳ್ಳು ಕೊರತೆ ಅಂಟಿಸುವುದೆಂದರೇನು? ಬೇಕಾದರೆ ನಿಜವಾದದ್ದನ್ನೇ ಹುಡುಕಿ ಕೊಡುತ್ತೇನೆ, ಮನುಷ್ಯಳಲ್ಲವೇ, ಎಲ್ಲಾದರೂ ತಪ್ಪಿರುತ್ತಾಳೆ ಎಂದುಕೊಂಡು ಕೊನೆಯ ತಿಂಗಳ ಹಸಿ ಚುಕ್ಕೆಗಳನ್ನು, ಅಂದರೆ ತೀಡುವುದಕ್ಕೆ ಮುಂಚಿನವನ್ನು, ತೆರೆದಳು. ತನ್ನ ಪ್ರೋಗ್ರಾಂ ನಿಲ್ಲಿಸಿದಳು. ಅರ್ಧ ಗಂಟೆಯಲ್ಲಿ ಸಿಕ್ಕಿಯೇ ಬಿಟ್ಟಿತು. ಹಿಂದಿನ ಎಡ ಮೂಲೆಗೆ ಓಡುವಾಗ ಎಡಗಾಲು ಒಂಚೂರು ತಡವಾಗಿ ಏಳುತ್ತಿತ್ತು, ಶೂ ಮೂತಿ ನೆಲಕ್ಕೆ ತಾಗುತ್ತಿತ್ತು. ಸುಸ್ತು, ಅಂದುಕೊಂಡಳು ಇಸ್ತ್ರಿ. ಮೂರು ಗಂಟೆ ಆಡಿಸಿದರೆ ಯಾರ ಕಾಲಾದರೂ ಸೋಲುತ್ತದೆ. ಆ ಮೂಲೆಯ ಓಟವನ್ನು ತೀಡದೆ ಹಾಗೆಯೇ ಗೇಮಿಗೆ ಸೇರಿಸಿದಳು.

ಎರಡೇ ದಿನದಲ್ಲಿ ಗೇಮಿನ ಬಣ್ಣವೇ ಬದಲಾಯಿತು. ಆರು ಜನರಲ್ಲಿ ಒಬ್ಬ ಆ ಕಿಂಡಿಯನ್ನು ಕಂಡುಹಿಡಿದು ಕುರ್ಚಿಯಿಂದ ಎದ್ದು ಕುಣಿದ. ಉಳಿದವರು ಮನೆಗೇ ಹೋಗಲೊಲ್ಲರು. ಮಜಾ ಸಾರ್ ಎಲ್ಲರೆದುರು ಇಸ್ತ್ರಿಯ ಬೆನ್ನು ತಟ್ಟಿದ. "ನೋಡಿ, ನಿಜಾನೂ ಇದೆ, ಮಜಾನೂ ಇದೆ. ಇದನ್ನೇ ನಾನು ಒಂದು ವರ್ಷದಿಂದ ಕೇಳ್ತಿದ್ದಿದ್ದು!" ಇಸ್ತ್ರಿ ಉಬ್ಬಿಹೋದಳು. ಅಕ್ಕನಿಗೆ ಫೋನ್ ಮಾಡಿ, "ಶನಿವಾರ ಬಾರೇ, ನಿನ್ನ ಜೊತೆ ನೀನೇ ಆಡಿ ನೋಡು," ಅಂದಳು. ಮೂಲೆಯ ವಿಷಯ ಮಾತ್ರ ಬಾಯಿಬಿಡಲಿಲ್ಲ. ಆಡುತ್ತಾ ತಾನೇ ಕಂಡುಕೊಂಡು ಬೈಯಲಿ ಎಂದು ಆಸೆ.

ಶನಿವಾರ ಮಧ್ಯಾಹ್ನ ಅಕ್ಕ ಅಭ್ಯಾಸ ಮುಗಿಸಿ ಹೆಗಲಲ್ಲಿ ರಾಕೆಟ್ ಚೀಲ ಹಾಕಿಕೊಂಡು ಬಂದಳು. ಒಳಗೆ ಸೋಫಾದ ತುಂಬ ಜನ, ಗೋಡೆಯಷ್ಟಗಲದ ತೆರೆ, ಕಿವಿ ಕಿತ್ತುಹೋಗುವಷ್ಟು ಗಲಾಟೆ.

"ಎಡಕ್ಕೆ ಹಾಕೋ, ಎಡಕ್ಕೆ! ಹಿಂದಿನ ಮೂಲೆಗೆ!"

"ಹಾ, ಎಳೆದ್ಲು ನೋಡು ಕಾಲು! ಮತ್ತೆ ಹಾಕು, ಮತ್ತೆ!"

"ಕುಂಟಿ ಸಿಕ್ಕಿಬಿದ್ಲು!"

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಸ್ತ್ರಿಯೂ ನಗುತ್ತಿದ್ದಳು. ಬಾಗಿಲ ಕಡೆ ತಿರುಗಿದಾಗ ಅಕ್ಕ ಕಾಣಿಸಿದಳು. ಅವಳ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ರಾಕೆಟ್ ಚೀಲ ಹೆಗಲಿಂದ ಜಾರಿ ಮೊಣಕೈಗೆ ಬಂದು ನೇತಾಡುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅಕ್ಕ ಸೀದಾ ಬಂದು ಆಡುತ್ತಿದ್ದವನ ಮುಂದೆ ಕೈ ಚಾಚಿದಳು. ಅವನು ತೆಪ್ಪಗೆ ರಿಮೋಟ್ ಕೊಟ್ಟ. ಅಕ್ಕ ನಿಂತುಕೊಂಡೇ ಆಡಿದಳು. ಶಟಲ್ ಅನ್ನು ಹಿಂದಿನ ಎಡ ಮೂಲೆಗೆ ಕಳಿಸಿದಳು. ತೆರೆಯ ಮೇಲಿನ ಅಕ್ಕ ಓಡಿದಳು, ಕಾಲು ಎಳೆದಳು. ಮತ್ತೆ ಅಲ್ಲಿಗೇ ಕಳಿಸಿದಳು. ಮತ್ತೆ ಎಳೆದಳು. ಹತ್ತು ಸಲ, ಹನ್ನೆರಡು ಸಲ. ಗೆಲ್ಲುವ ಹೊಡೆತ ಒಂದನ್ನೂ ಹೊಡೆಯಲಿಲ್ಲ, ಬರೀ ನೋಡಿದಳು. ಕೋಣೆಯ ಗಲಾಟೆ ತಾನಾಗಿ ಸತ್ತುಹೋಯಿತು.

"ಪುಟ್ಟಿ," ಅಂದಳು ಅಕ್ಕ, ತೆರೆಯಿಂದ ಕಣ್ಣು ತೆಗೆಯದೆ. "ಇದು ನೀನು ಮಾಡಿದ್ದಾ, ನಾನು ಮಾಡಿದ್ದಾ?"

"ನೀನೇ ಮಾಡಿದ್ದು ಅಕ್ಕ. ನಾನು ಏನೂ ಸೇರಿಸಿಲ್ಲ. ತೀಡಿಲ್ಲ, ಅಷ್ಟೆ. ಯಾಕೆ?"

"ಮತ್ತೆ ತಿಂಗಳು ತಿಂಗಳು ಕಳಿಸ್ತಿದ್ದೆಯಲ್ಲ, ಅದು?"

"ಅದು ತೀಡಿದ್ದು. ಎಲ್ಲರದ್ದೂ ತೀಡೇ ತೀಡ್ತೀವಿ."

ಅಕ್ಕ ಸೋಫಾದ ತೋಳಿನ ಮೇಲೆ ಕೂತಳು. "ಐದಾರು ತಿಂಗಳಿಂದ ಎಡಗಾಲು ಎಲ್ಲೋ ತಡೆದ ಹಾಗೆ ಆಗ್ತಿದೆ. ಮೆಟ್ಟಲು ಹತ್ತುವಾಗ ಚಪ್ಪಲಿ ಜಾರಿ ಹೋಗತ್ತೆ. ಆಮೇಲೆ ನಿನ್ನ ವಿಡಿಯೋ ನೋಡ್ತೀನಿ, ಕಾಲು ಚೆನ್ನಾಗೇ ಓಡ್ತಿರತ್ತೆ. ನನಗೇ ಭ್ರಮೆ, ವಯಸ್ಸಾಯ್ತು, ಅನುಮಾನದ ಪ್ರಾಣಿ ಆಗ್ಬಿಟ್ಟೆ ಅಂದ್ಕೊಂಡೆ."

"ಡಾಕ್ಟರ ಹತ್ರ ಹೋಗ್ಬಾರದಿತ್ತಾ?" ಅಂದಳು ಇಸ್ತ್ರಿ.

"ಹೋಗಿದ್ದೆ, ನಮ್ಮ ಬಡಾವಣೆಯ ಡಾಕ್ಟರ ಹತ್ರ. ಅವರ ಮುಂದೆ ಹತ್ತು ಹೆಜ್ಜೆ ನಡೆದಾಗ ಸರಿಯಾಗೇ ನಡೆದೆ. ಓಡುವಾಗ ಆಗತ್ತೆ ಅಂದೆ. ಹಾಗಾದ್ರೆ ಓಡೋ ವಿಡಿಯೋ ಇದ್ರೆ ತೋರಿಸಿ ಅಂದ್ರು." ಅಕ್ಕ ತಂಗಿಯ ಮುಖ ನೋಡಿದಳು. "ನೀನು ಕಳಿಸಿದ್ದನ್ನ ತೋರಿಸ್ದೆ ಕಣೇ. ಇಪ್ಪತ್ತನಾಲ್ಕು ಕ್ಯಾಮೆರಾ ಇಟ್ಟು ತೆಗೆದಿದ್ದು, ಇದಕ್ಕಿಂತ ನಿಜ ಯಾವುದೂ ಇಲ್ಲ ಅಂತ ನಾನೇ ಹೇಳ್ದೆ. ಎರಡು ಸಲ ನೋಡಿದ್ರು. ನಿಮ್ಮ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆ, ಚೆನ್ನಾಗಿ ನಿದ್ದೆ ಮಾಡಿ ಅಂತ ಕಳಿಸಿದ್ರು."

ಉದುರಿದ ಗುಂಡುಗಳು, ಸವೆದ ಶೂ, ಗೋಂದಿನವರಿಗೆ ಬರೆದ ಮೂರು ಪತ್ರ ಎಲ್ಲ ಒಟ್ಟಿಗೇ ಇಸ್ತ್ರಿಯ ಕಣ್ಣ ಮುಂದೆ ಬಂದವು. ಅಕ್ಕನ ಕಾಲು ತಿಂಗಳುಗಟ್ಟಲೆ ಕೂಗಿ ಹೇಳುತ್ತಿತ್ತು. ಆ ಕಾಲಿನ ಬಾಯಿಗೆ ಅವಳು ಟೇಪು ಸುತ್ತಿದ್ದಳು.

ತನ್ನ ಮೇಜಿಗೆ ಓಡಿ ಎಂಟೂ ತಿಂಗಳ ಹಸಿ ಚುಕ್ಕೆಗಳನ್ನು ಸಾಲಾಗಿ ತೆರೆದಳು. ಅದೇ ಮೂಲೆ, ಅದೇ ಓಟ. ಮೊದಲ ತಿಂಗಳು ಎರಡೂ ಕಾಲು ಜೊತೆಜೊತೆಗೇ ಎದ್ದವು. ಮೂರನೆಯ ತಿಂಗಳು ಎಡಗಾಲು ಎರಡು ಫ್ರೇಮ್ ತಡ. ಐದಕ್ಕೆ ಆರು. ಏಳಕ್ಕೆ ಹನ್ನೊಂದು. ಎಂಟಕ್ಕೆ ಹದಿನಾಲ್ಕು. ಕ್ಯಾಮೆರಾ ಒಂದು ಸೆಕೆಂಡಿಗೆ ತೆಗೆಯುವುದು ನೂರಿಪ್ಪತ್ತು ಫ್ರೇಮ್, ಅಂದರೆ ನೂರಿಪ್ಪತ್ತು ಚಿತ್ರ. ಹದಿನಾಲ್ಕು ಎಂದರೆ ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು. ದಣಿವೇ ಇಲ್ಲದ ಬೆಳಗಿನ ಮೊದಲ ಓಟದಲ್ಲೂ ಅಷ್ಟೇ ತಡ. ಸುಸ್ತಾಗಿದ್ದರೆ ಹೀಗೆ ತಿಂಗಳು ತಿಂಗಳು ಮೆಟ್ಟಲು ಹತ್ತಿದ ಹಾಗೆ ಏರುತ್ತಿರಲಿಲ್ಲ. ಪ್ರತಿ ಸಲವೂ ಅವಳ ಹೆಮ್ಮೆಯ ಪ್ರೋಗ್ರಾಂ ಬಲಗಾಲನ್ನು ನೋಡಿಕೊಂಡು ಎಡಗಾಲನ್ನು ಅಚ್ಚುಕಟ್ಟಾಗಿ ತಿದ್ದಿಟ್ಟಿತ್ತು.

ಹಿಂದೆ ನಿಂತಿದ್ದ ಮಜಾ ಸಾರ್ ಎಂಟನ್ನೂ ನೋಡಿದ. ಸೋಫಾದವರನ್ನೆಲ್ಲ ಹೊರಗೆ ಕಳಿಸಿ, ತಾನೇ ಹೋಗಿ ದೊಡ್ಡ ತೆರೆ ಆರಿಸಿ ಬಂದ. "ಕುಂಟಿ" ಎಂದು ಕೂಗಿದ್ದವನು ಬಾಗಿಲಲ್ಲಿ ಅಕ್ಕನ ಮುಂದೆ ನಿಂತು ಏನೋ ಹೇಳಲು ಹೋಗಿ, ಅಳು ಬಂದು, ಹೊರಟುಹೋದ.

"ಎಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕ್ಕೋ," ಅಂದ ಮಜಾ ಸಾರ್. "ನಾನು ಕಾರು ತೆಗೀತೀನಿ."

ದೊಡ್ಡ ಆಸ್ಪತ್ರೆಯ ನರದ ಡಾಕ್ಟರು ದಪ್ಪ ಕನ್ನಡಕದ ಹೆಂಗಸು. ಎಂಟು ತಿಂಗಳ ಚುಕ್ಕೆಗಳನ್ನು ಮೂರು ಸಲ ನೋಡಿದರು. ಅಕ್ಕನ ಪಾದದಡಿ ಕೀಲಿಕೈಯಿಂದ ಗೀರಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಕೇಳಿದರು, "ಇದನ್ನ ಯಾರು ತೆಗೆದಿದ್ದು?"

"ನಾನು," ಅಂದಳು ಇಸ್ತ್ರಿ.

"ಇಷ್ಟು ನಿಚ್ಚಳವಾಗಿ ಯಾವ ಕಾಯಿಲೆಯೂ ನನಗೆ ಕಂಡಿರಲಿಲ್ಲ. ಮೊದಲೇ ಯಾಕೆ ತರಲಿಲ್ಲ?"

ಆ ಪ್ರಶ್ನೆಗೆ ಅಕ್ಕನೇ ಅಡ್ಡ ಬಂದಳು. "ಅವಳಿಗೆ ಗೊತ್ತಿರಲಿಲ್ಲ ಡಾಕ್ಟ್ರೇ." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಅಕ್ಕ ಹಾಗೆ ವಹಿಸಿಕೊಂಡು ಬಂದದ್ದು ಇಸ್ತ್ರಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹೊರಗೆ ಹೋಗಿ ನೀರಿನ ನಲ್ಲಿಯ ಪಕ್ಕ ನಿಂತು ಬಿಕ್ಕಿಬಿಕ್ಕಿ ಅತ್ತಳು.

ಬೆನ್ನುಹುರಿಯ ಮೇಲೆ ಒಂದು ಗೆಡ್ಡೆ ಕೂತಿರುವುದು ಸ್ಕ್ಯಾನಿನಲ್ಲಿ ಕಂಡಿತು. ಕೆಟ್ಟ ಗೆಡ್ಡೆಯಲ್ಲ, ಹರಡುವಂಥದ್ದಲ್ಲ, ನಿಧಾನವಾಗಿ ಬೆಳೆಯುವಂಥದ್ದು ಎಂದು ಡಾಕ್ಟರು ಹೇಳಿದಾಗ ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆದರೆ ಅವರ ಮಾತು ಮುಗಿದಿರಲಿಲ್ಲ.

"ತುಂಬ ದಿನದಿಂದ ಒತ್ಕೊಂಡು ಕೂತಿದೆ. ತೆಗೆದುಹಾಕ್ತೀವಿ. ಕಾಲು ಎಷ್ಟು ವಾಪಸ್ ಬರತ್ತೆ ಅಂತ ಮಾತ್ರ ಈಗ ಹೇಳೋಕಾಗಲ್ಲ. ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ."

ನಾಲ್ಕು ತಿಂಗಳು. ಅಕ್ಕ ಆ ಬಡಾವಣೆಯ ಡಾಕ್ಟರಿಗೆ ವಿಡಿಯೋ ತೋರಿಸಿದ್ದು ಸರಿಯಾಗಿ ಆಗಲೇ.

ಆಪರೇಷನ್ ಆಯಿತು. ಗೇಮ್ ಬಿಡುಗಡೆಯನ್ನು ಮಜಾ ಸಾರ್ ಮುಂದಕ್ಕೆ ಹಾಕಿದ. ಮೂಲೆಯ ಕಿಂಡಿ ತೆಗೆದು, ಆಟಗಾರ್ತಿಗೆ ಅವಸರದ ಸ್ವಭಾವ ಕೊಟ್ಟು, ಆಗಾಗ ಶಟಲ್ ಹೊರಗೆ ಹೊಡೆಯುವ ಹಾಗೆ ಮಾಡಿದರು. ಇಸ್ತ್ರಿ ಅದರ ಹತ್ತಿರ ಹೋಗಲಿಲ್ಲ. ರಜೆ ಹಾಕಿ ಆಸ್ಪತ್ರೆಯಲ್ಲೇ ಇದ್ದಳು. ಅಕ್ಕನ ಕಾಲ್ಬೆರಳಿಗೆ ಎಣ್ಣೆ ತಿಕ್ಕುವಳು, ಅಕ್ಕ ನಿದ್ದೆ ಹೋದಾಗ ಹೊದಿಕೆ ಸರಿಸಿ ಆ ಎಡಗಾಲನ್ನೇ ನೋಡುತ್ತಾ ಕೂರುವಳು.

ಐದನೆಯ ವಾರ, ಬೆಳಗ್ಗೆ, ಅಕ್ಕ ಗೋಡೆಯ ಹಿಡಿಕೆ ಬಿಟ್ಟು ಮೊದಲ ಸಲ ಉದ್ದದ ಪಡಸಾಲೆಯ ತುದಿಯವರೆಗೆ ಒಬ್ಬಳೇ ನಡೆದಳು. ಕನ್ನಡಕದ ಡಾಕ್ಟರು ಇದ್ದರು, ವ್ಯಾಯಾಮ ಮಾಡಿಸುವ ಹುಡುಗಿ ಇದ್ದಳು, ಕೆಲಸಕ್ಕೆ ಚಕ್ಕರ್ ಹೊಡೆದು ಬಂದ ಭಾವ ಇದ್ದ.

"ಭೇಷ್!" ಅಂದರು ಡಾಕ್ಟರು. "ನೋಡಿದವರಿಗೆ ಗೊತ್ತೇ ಆಗಲ್ಲ."

"ಮೊದಲಿನ ಹಾಗೇ ಇದೆ ಕಣೇ! ಏನೂ ಆಗಿಲ್ಲ ನಿಂಗೆ!" ಅಂದ ಭಾವ, ಅಳುತ್ತಾ ನಗುತ್ತಾ. ವ್ಯಾಯಾಮದ ಹುಡುಗಿ ಚಪ್ಪಾಳೆ ತಟ್ಟಿದಳು.

ಅಕ್ಕ ಆ ತುದಿಯಲ್ಲಿ ತಿರುಗಿ, ಹಿಡಿಕೆ ಹಿಡಿದು ನಿಂತಳು. ಡಾಕ್ಟರ ಮುಖ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ.

"ಪುಟ್ಟಿ. ನೀನು ಹೇಳು."

ಎಲ್ಲರೂ ಇಸ್ತ್ರಿಯ ಕಡೆ ತಿರುಗಿದರು. ಹೌದು ಅಕ್ಕ, ಚೆನ್ನಾಗಿದೆ ಎಂದುಬಿಡುವ ಆಸೆ ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಅಷ್ಟು ಹೇಳಿದರೆ ಸಾಕು, ಎಲ್ಲರ ಮುಖದ ನಗು ಹಾಗೇ ಉಳಿಯುತ್ತಿತ್ತು. ಭಾವ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ.

"ಇನ್ನೂ ಎಳೀತಿದೆ ಅಕ್ಕ," ಅಂದಳು ಇಸ್ತ್ರಿ. "ತಿರುಗುವಾಗ ಎಡಗಾಲು ತಡ ಏಳ್ತು. ಕಣ್ಣಳತೇಲಿ ಹೇಳೋದಾದ್ರೆ ಒಂಬತ್ತು ಫ್ರೇಮ್."

ಭಾವನ ನಗು ಆರಿತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡರು.

"ಹದಿನಾಲ್ಕಿತ್ತಲ್ವಾ?" ಅಂದಳು ಅಕ್ಕ.

"ಹದಿನಾಲ್ಕಿತ್ತು."

"ನಿಜ ಹೇಳ್ತಿದೀಯಾ?"

"ನಿನ್ನಾಣೆ ಅಕ್ಕ."

ಅಕ್ಕ ದೀರ್ಘವಾಗಿ ಉಸಿರು ಬಿಟ್ಟು ಹಿಡಿಕೆಯಿಂದ ಕೈ ತೆಗೆದಳು. "ಹಾಗಾದ್ರೆ ಸರಿಯಾಗಿ ನೋಡ್ತಿರು," ಎಂದು ಹೇಳಿ, ತಂಗಿಯ ಕಡೆಗೆ ವಾಪಸು ನಡೆಯತೊಡಗಿದಳು.